ತೂಕದ ಮಾತು

ಕೃಪಾ ಬೆಂಗಳೂರಿನ ಬಸವೇಶ್ವರನಗರದವಳು. ಹತ್ತು ವರ್ಷದ ಹಿಂದೆ ಮಾಸ್ಟರ್ಸ್ ಓದಲು ಮೆಲ್ಬರ್ನಿಗೆ ಬಂದಳು. ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಕುಳಿತು ನಾಲ್ಕು ವರ್ಷ ಊರವರೆಲ್ಲ ಮರೆತ ಪಾಸ್‌ವರ್ಡುಗಳನ್ನು ಬಿಡಿಸಿಕೊಟ್ಟಳು. ಜೊತೆಯಲ್ಲೇ ಓದಿದ ಕೌಶಿಕನನ್ನು ಮದುವೆಯಾಗಿ, ಅಲ್ಲೇ ಕಾಯಂ ನೆಲೆಸಲು ಪಿಆರ್ ಬಂದಮೇಲೆ ಊರಂಚಿನ ಟಾರ್ನೀಟಿನಲ್ಲಿ ಮನೆ ಮಾಡಿದಳು. ಆ ಪಿಆರ್‌ಗೆ ಐದು ಅಂಕ ಹೆಚ್ಚಿಗೆ ಸಿಗುತ್ತದೆಂದು ಎಲ್ಲರಂತೆ ಅವಳೂ ಕನ್ನಡದ ಭಾಷಾ ಪರೀಕ್ಷೆಗೆ ಕೂತಿದ್ದಳು. ನಡೆಸುವ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ, ನಮ್ಮ ಹುಡುಗರ ಬಾಯಲ್ಲಿ ಅದು 'ನಾಟಿ' ಪರೀಕ್ಷೆ. "ನಾಟಿ ಕೋಳಿ ತಿಂದು ಬೆಳೆದೋರು ನಾವು, ನಾಟಿ ಎಕ್ಸಾಮ್ ಪಾಸಾಗಲ್ವಾ?" ಎಂದು ಕೌಶಿಕ್ ಜಂಬ ಕೊಚ್ಚಿ, ಮೊದಲ ಸಲ ಫೇಲಾಗಿದ್ದ.

ಉಳಿದವರು ಐದು ಅಂಕ ಜೇಬಿಗೆ ಹಾಕಿಕೊಂಡು ಕನ್ನಡವನ್ನು ಮತ್ತೆ ಮನೆಯೊಳಗೆ ಇಟ್ಟರು. ಕೃಪಾಳಿಗೆ ಅದರ ರುಚಿ ಹತ್ತಿತು. ಮಗಳು ಇಂಚರ ಹುಟ್ಟಿದ ಮೇಲೆ ಹೆಲ್ಪ್‌ಡೆಸ್ಕ್ ಬಿಟ್ಟು, ಅದಕ್ಕಿಂತ ಮೇಲಿನ ಪರೀಕ್ಷೆಯನ್ನೂ ಮುಗಿಸಿ ದುಭಾಷಿಯಾದಳು. ಆಸ್ಪತ್ರೆಗಳೇ ಹೆಚ್ಚು. ಮಕ್ಕಳ ಮನೆಗೆಂದು ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಇದ್ದಕ್ಕಿದ್ದ ಹಾಗೆ ಬಿಪಿ ಏರುತ್ತದೆ, ಮಂಡಿ ಹಿಡಿಯುತ್ತದೆ. ಮಗ ಆಫೀಸಿನಲ್ಲಿ, ಸೊಸೆ ಇನ್ನೊಂದು ಆಫೀಸಿನಲ್ಲಿ. ಆಗ ಕೃಪಾಳ ಫೋನು ಹೊಡೆದುಕೊಳ್ಳುತ್ತದೆ.

ಒಮ್ಮೆ ಕ್ರೇಗಿಬರ್ನಿನ ಕ್ಲಿನಿಕ್ಕಿಗೆ ಹೋಗಿದ್ದಳು. ಮದ್ದೂರಿನ ಕಡೆಯ ಕೆಂಪಮ್ಮ ಎನ್ನುವ ಅಜ್ಜಿ. ಡಾಕ್ಟರು ಎಂದಿನಂತೆ, ನೋವು ಒಂದರಿಂದ ಹತ್ತರೊಳಗೆ ಎಷ್ಟಿದೆ ಎಂದು ಕೇಳಿದರು. ಅಜ್ಜಿ ಕೃಪಾಳ ಮುಖ ನೋಡಿ, "ಅಲ್ಲ ಕನವ್ವ, ನೋವ್ಗೂ ಮಾರ್ಕ್ಸು ಕೊಟ್ಕಂಡು ಕೂತಿರಕ್ಕೆ ನಾನೇನ್ ಮೇಷ್ಟ್ರಾ? ನಿಂತ್ರೆ ಕಣ್ಗೆ ಕತ್ಲೆ ಬತ್ತದೆ ಅಂತ ಹೇಳು ಅವ್ನಿಗೆ" ಎಂದಿತು. ಬೇರೆಯವರಾಗಿದ್ದರೆ ಕೊನೆಯ ಮಾತನ್ನಷ್ಟೇ ಹೇಳುತ್ತಿದ್ದರೇನೋ. ಕೃಪಾ ಮೇಷ್ಟ್ರನ್ನೂ ಬಿಡದೆ ಇಂಗ್ಲಿಷಿಗೆ ತಂದಳು. ಡಾಕ್ಟರು ನಕ್ಕರು, ನಗುತ್ತಲೇ ಅಜ್ಜಿಯನ್ನು ನಿಲ್ಲಿಸಿ ಬಿಪಿ ನೋಡಿದರು. ಅಲ್ಲಿ ಸಿಕ್ಕಿತು ತೊಂದರೆ, ನಿಂತೊಡನೆ ಬಿಪಿ ಇಳಿಯುತ್ತಿತ್ತು.

ಈ ವೃತ್ತಿಯ ನಿಯಮ ಅಷ್ಟೇ. ಆಡಿದ್ದಕ್ಕೆ ಏನನ್ನೂ ಸೇರಿಸಕೂಡದು, ಆಡಿದ್ದರಲ್ಲಿ ಏನನ್ನೂ ಬಿಡಕೂಡದು. ಕೃಪಾಳಿಗೆ ಅದು ಬಾಯಿಪಾಠ. ಮಂಡ್ಯದ ಅಜ್ಜಿ ಬರಲಿ, ಧಾರವಾಡದ ಮಾವ ಬರಲಿ, ಮಾತು ಕೇಳಿದೊಡನೆ ಊರು ಹೇಳಿಬಿಡುತ್ತಿದ್ದಳು. ಯಾವ ಸೀಮೆಯ ಕನ್ನಡವಾದರೂ ತನ್ನ ಕಿವಿ ತಪ್ಪಿಸಿಕೊಂಡು ಹೋಗದು ಎಂಬ ಸಣ್ಣ ಹೆಮ್ಮೆ ಅವಳಲ್ಲಿ ಬೆಳೆದಿತ್ತು.

ಹಾಗಿರುವಾಗ ಸಿಡ್ನಿಯಿಂದ ಒಂದು ಧ್ವನಿ ಫೈಲು ಬಂತು.

ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದು ಎರಡು ವರ್ಷವಾಗಿತ್ತು. ಗೆದ್ದವರಿಗೆ ಆಸ್ಟ್ರೇಲಿಯಾದಿಂದ ಗುಟ್ಟಾಗಿ ನೆರವು ಹೋಗಿತ್ತು, ಮೀನುಗಾರರ ಹಳ್ಳಿಗಳಿಗೆ ಹೊರದೇಶದವರು ದೋಣಿಯ ಇಂಜಿನು ಹಂಚಿ ಓಟು ಕೊಂಡರು ಎಂಬ ಆರೋಪ ಎದ್ದು, ಸಿಡ್ನಿಯಲ್ಲಿ ವಿಚಾರಣಾ ಆಯೋಗವೊಂದು ಕೂತಿತ್ತು. ಅವರ ಕೈಗೆ ಸಿಕ್ಕ ಸಾಕ್ಷ್ಯಗಳಲ್ಲಿ ಒಂದು, ಇಪ್ಪತ್ತು ನಿಮಿಷದ ಫೋನ್ ಮಾತುಕತೆ. ಮಾತಾಡಿದವರು ಇಬ್ಬರೂ ಕರ್ನಾಟಕದವರು. ಒಬ್ಬ ಇಂದ್ರೇಶ್, ಅಲ್ಲಿ ಗೆದ್ದ ಅಭ್ಯರ್ಥಿಯ ಪರ ಓಡಾಡುತ್ತಿದ್ದ ಮಧ್ಯವರ್ತಿ. ಕರೆಯನ್ನು ರೆಕಾರ್ಡ್ ಮಾಡಿಟ್ಟವನೂ ಅವನೇ. ಇನ್ನೊಬ್ಬರು ಮೋಹನದಾಸ, ಸಿಡ್ನಿಯ ಟೂಂಗಾಬಿಯಲ್ಲಿ ಮನೆ, ಹೆಪ್ಪುಗಟ್ಟಿಸಿದ ಮೀನಿನ ವ್ಯಾಪಾರ. ಕನ್ನಡವನ್ನು ಇಂಗ್ಲಿಷಿನಲ್ಲಿ ಬರೆದುಕೊಡಬೇಕಿತ್ತು. ಕೆಲಸ ಮುಗಿದೊಡನೆ ಫೈಲನ್ನು ಅಳಿಸಬೇಕು, ಯಾರೊಡನೆಯೂ ಮಾತೆತ್ತಬಾರದು ಎಂದು ಸಹಿ ಹಾಕಿಸಿಕೊಂಡಿದ್ದರು.

ಇಂಚರ ಮನೆಯಲ್ಲಿರುವ ದಿನ ಅವಳು ಮಧ್ಯಾಹ್ನ ಮಲಗುವ ಎರಡು ಗಂಟೆ ಕೃಪಾಳ ಕಚೇರಿಯ ವೇಳೆ. ಅವತ್ತು ಮಗುವಿಗೆ ಸಣ್ಣ ಜ್ವರ, ಅವಳನ್ನು ನೋಡಿಕೊಳ್ಳುವ ರಾಜೀವಿ ಆಂಟಿಯ ಮನೆಗೂ ಕಳಿಸಿರಲಿಲ್ಲ. ಹತ್ತಿರವೇ ಮಲಗಿಸಿಕೊಂಡು, ಒಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಇನ್ನೊಂದನ್ನು ಮಗುವಿಗೆ ಬಿಟ್ಟು ಕೂತಳು.

"ಅಣ್ಣಾ, ಹನ್ನೆರಡು ಇಂಜಿನ್ ಸಾಕು," ಎನ್ನುತ್ತಿದ್ದ ಇಂದ್ರೇಶ್. "ಎಲೆಕ್ಷನ್‌ಗೆ ಮುಂಚೆ ಆ ಹಳ್ಳಿಗಳಿಗೆ ಸೇರಿಬಿಟ್ರೆ ಆಯ್ತು. ನಮ್ಮ ಕ್ಯಾಂಡಿಡೇಟ್ ಗೆದ್ರೆ ಮೀನಿನ ಲೈಸೆನ್ಸ್ ಬೇರೆ ಯಾರಿಗ್ ಹೋಗತ್ತೆ ಹೇಳಿ?"

"ಹಾಂ..." ಎಂದರು ಮೋಹನದಾಸ. ಸ್ವಲ್ಪ ತಡೆದು, "ತೂಕ" ಎಂದರು.

"ನಿಮ್ಮ ಹೆಸರು ಎಲ್ಲೂ ಬರಲ್ಲ. ಯಾವುದಾದ್ರೂ ಟ್ರಸ್ಟ್ ಹೆಸರಲ್ಲಿ ಹಡಗಿಗೆ ಹಾಕಿಸ್ತೀನಿ."

"ತೂಕ ಮಾರಾಯ್ರೆ, ತೂಕ. ಈಗ ಗೋಡೌನಿಗೆ ಲಾರಿ ಬಂದು ನಿಂತಿದೆ, ಇಡ್ತೇನೆ."

ಕೃಪಾ ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದಳು. ಕರಾವಳಿಯ ಕನ್ನಡ ಎಂದು ಕಿವಿ ಹೇಳಿತು. ತೂಕ. ಪದ ಗಾಜಿನಷ್ಟು ಸ್ಪಷ್ಟ. ಸರಕು ಹಡಗಿಗೇರಿಸುವ ಮಾತು, ಸರಕಿಗೆ ತೂಕವಿರಬೇಕಲ್ಲ. ಆದರೂ ಆ ಮಾತು ಅಲ್ಲಿ ಸರಿಯಾಗಿ ಕೂರಲಿಲ್ಲ. ಇಂಥ ಕಡೆ 'ಅರ್ಥ ಅಸ್ಪಷ್ಟ' ಎಂದು ಬರೆಯುವ ಪದ್ಧತಿಯಿದೆ. ಬರೆದಳು ಕೂಡ. ಆದರೆ ಫೋನ್ ಲೈನು ಕೆಟ್ಟು, ಅದೇ ಪುಟದಲ್ಲಿ ಆಗಲೇ ನಾಲ್ಕು ಕಡೆ ಹಾಗೆ ಬರೆದಾಗಿತ್ತು. ಐದನೆಯದನ್ನು ನೋಡಿದರೆ, ಇವಳಿಗೆ ಕನ್ನಡ ಬರುತ್ತದೋ ಇಲ್ಲವೋ ಅಂದುಕೊಂಡಾರು. ಇಂಚರ ಮಗ್ಗುಲು ಬದಲಿಸಿ ಮುಲುಗಿದಳು. ಕೃಪಾ ಒಂದು ಕೈಯಲ್ಲಿ ಅವಳ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ 'ಅರ್ಥ ಅಸ್ಪಷ್ಟ'ವನ್ನು ಅಳಿಸಿ, 'ತೂಕ ಎಷ್ಟು?' ಎಂದು ಇಂಗ್ಲಿಷಿನಲ್ಲಿ ಹೊಡೆದಳು. ಎರಡನೆಯ ಕಡೆ 'ತೂಕ ಹೇಳಿ ಮಾರಾಯರೇ, ತೂಕ.'

ಪುಟ ಚೆನ್ನಾಗಿ ಓದಿಸಿಕೊಂಡಿತು. ಕಳಿಸಿ, ಫೈಲು ಅಳಿಸಿ, ಮಗುವಿಗೆ ಗಂಜಿ ಬೇಯಿಸಲು ಎದ್ದಳು.

ಎರಡು ತಿಂಗಳ ನಂತರ ಆಯೋಗ ಆ ಇಂಗ್ಲಿಷ್ ಪ್ರತಿಯನ್ನು ಪ್ರಕಟಿಸಿತು. ಧ್ವನಿಯನ್ನಲ್ಲ, ಬರೆದದ್ದನ್ನು ಮಾತ್ರ. ಮಾರನೆಯ ದಿನ ಪತ್ರಿಕೆಯೊಂದರ ತಲೆಬರಹವೇ 'ತೂಕ ಎಷ್ಟು?'. ಇಂಜಿನು ಕಳಿಸಲು ಒಪ್ಪದವನು ಅದರ ತೂಕ ಯಾಕೆ ಕೇಳುತ್ತಾನೆ ಎಂದು ಟೀವಿಯಲ್ಲಿ ಒಬ್ಬರು ಕೇಳಿದರು. ತಾನು ತೂಕ ಕೇಳಿದ ನೆನಪೇ ಇಲ್ಲ ಎಂದು ಮೋಹನದಾಸ ಹೇಳಿಕೆ ಕೊಟ್ಟರು. ಅದೂ ಅವರಿಗೆ ಉಲ್ಟಾ ಹೊಡೆಯಿತು. ಜನ ಸುಳ್ಳುಗಾರ ಎಂದೂ ಸೇರಿಸಿದರು.

ಟೂಂಗಾಬಿಯಲ್ಲಿರುವ ಗೆಳತಿ ತೇಜಸ್ವಿನಿ ಅವತ್ತೇ ವಾಯ್ಸ್ ಮೆಸೇಜ್ ಕಳಿಸಿದಳು. "ಲೇ ಕೃಪಾ, ನಮ್ ಸಬರ್ಬ್ ಫೇಮಸ್ ಆಗೋಯ್ತು ಕಣೇ! ಇಂಡಿಯನ್ ಅಂಗಡೀಲಿ ಆ ಅಂಕಲ್ ಬದನೆಕಾಯಿ ಆರಿಸ್ತಿದ್ರು, ಯಾವನೋ ಹಿಂದಿಂದ, 'ಅಂಕಲ್, ತೂಕ ಎಷ್ಟು?' ಅಂದ. ಇಡೀ ಅಂಗಡಿ ಗೊಳ್ ಅಂತ ನಕ್ತು. ಪಾಪ, ಚೀಲ ಅಲ್ಲೇ ಬಿಟ್ಟು ಹೋದ್ರು. ನಂಗೂ ನಗು ಬಂತು, ಆಮೇಲೆ ಬೇಜಾರಾಯ್ತು."

ಆ ಮಾತು ತನ್ನದು ಎಂದು ಕೃಪಾ ಹೇಳುವಂತಿರಲಿಲ್ಲ. ಒಂದು ಕ್ಷಣ, ತಾನು ಬರೆದದ್ದನ್ನು ದೇಶವೇ ಓದುತ್ತಿದೆ ಎಂದು ಮೈ ಜುಮ್ಮೆಂದದ್ದೂ ಸುಳ್ಳಲ್ಲ.

ಅದೇ ದಿನಗಳಲ್ಲಿ ಇಂಚರಳ ಬಾಯಿಗೆ ಒಂದು ಹೊಸ ಪದ ಬಂದಿತ್ತು. ಮೂರು ತುಂಬಿದ್ದ ಅವಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಈ ಪದ ಮಾತ್ರ ಇಂಗ್ಲಿಷಲ್ಲ. ಬಾ ಪುಟ್ಟಿ, ತಲೆ ಬಾಚ್ತೀನಿ ಎಂದರೆ "ತೂಕ, ಅಮ್ಮ" ಎಂದು ಸೋಫಾದ ಹಿಂದೆ ಓಡುವಳು. ಆಟದ ಸಾಮಾನು ಎತ್ತಿಡು ಎಂದರೆ "ತೂಕ, ತೂಕ". ಡೇಕೇರಿನಲ್ಲಿ ತಕ್ಕಡಿ ಆಟ ಆಡಿಸುತ್ತಾರೇನೋ ಎಂದುಕೊಂಡ ಕೃಪಾ ಅಡುಗೆಮನೆಯ ಸ್ಕೇಲ್ ತಂದು ಅವಳ ಗೊಂಬೆಯನ್ನು ತೂಗಿ ತೋರಿಸಿದಳು. ಮಗು ಇದೇನು ಎನ್ನುವಂತೆ ಅಮ್ಮನನ್ನೇ ನೋಡಿತು.

ಆ ಡೇಕೇರ್ ನಡೆಸುವ ರಾಜೀವಿ ಎರಡು ಬೀದಿ ಆಚೆಯವರು. ಉಡುಪಿ ಹತ್ತಿರದ ಕಾಪುವಿನ ಹೆಂಗಸು, ಮನೆಮಾತು ತುಳು. ತಮ್ಮ ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಸಂಜೆ ಕರೆದುಕೊಂಡು ಬರಲು ಹೋದಾಗ ಕೃಪಾ ಮಗುವಿನ ಶೂ ಹಾಕುತ್ತ ಕೇಳಿದಳು.

"ಆಂಟಿ, ಇವಳು ಮನೇಲಿ ಹೊತ್ತಿಗ್ ಮೂರ್ ಸಲ ತೂಕ ತೂಕ ಅಂತಾಳೆ. ಇಲ್ಲಿ ತಕ್ಕಡಿ ಆಟ ಆಡಿಸ್ತೀರಾ?"

"ಎಂತ ತಕ್ಕಡಿ?" ರಾಜೀವಿ ಕೈಯಲ್ಲಿದ್ದ ಟವೆಲನ್ನು ಹೆಗಲಿಗೆ ಎಸೆದು ಜೋರಾಗಿ ನಕ್ಕರು. "ಅಯ್ಯೋ, ಅದು ನನ್ನ ಬಾಯಿಂದ ಕಲ್ತದ್ದು ಮಾರಾಯ್ತಿ. ನಿಮ್ಮ ಕನ್ನಡದ ತೂಕ ಅಲ್ಲ ಅದು. ತುಳುವಿನಲ್ಲಿ ತೂಕ ಅಂದ್ರೆ ನೋಡುವ ಅಂತ. ನೀವು ಬೆಂಗ್ಳೂರಿನವರು ಎಂತ ಹೇಳುದು ಅದಕ್ಕೆ, ನೋಡೋಣ?"

ಕೃಪಾಳ ಕೈ ಶೂವಿನ ಪಟ್ಟಿಯ ಮೇಲೆ ನಿಂತಿತು.

"ನೋಡೋಣ ಅಂತನಾ?"

"ಹೂಂ. ಈ ಮಕ್ಕಳು ಇಡೀ ದಿನ ಪಾರ್ಕಿಗೆ ಹೋಗುವ, ಐಸ್‌ಕ್ರೀಂ ಕೊಡಿ ಅಂತ ಪ್ರಾಣ ತಿಂತಾವೆ. ಇಲ್ಲ ಅಂದ್ರೆ ಅಳ್ತಾವೆ. ಅದಕ್ಕೆ ತೂಕ ಮಗಾ ಹೇಳುದು. ಅವ್ರಿಗೂ ಸಮಾಧಾನ, ನನಗೂ ಎಂತ ಕೊಡ್ಲಿಕ್ಕಿಲ್ಲ."

"ಅಂದ್ರೆ ಇಲ್ಲ ಅಂತಾನೇ ಅರ್ಥ ಅಲ್ವಾ ಆಂಟಿ?"

ರಾಜೀವಿ ತುಸು ಯೋಚಿಸಿದರು. "ಹಾಗೆ ಖಡಾಖಂಡಿತ ಹೇಳ್ಲಿಕ್ಕಾಗುದಿಲ್ಲ. ನನ್ನ ಗಂಡ ತೂಕ ಅಂದ್ರೆ ಅದು ಆಗದ ಹೋಗದ ಕೆಲ್ಸ. ನನ್ನ ಅಕ್ಕ ತೂಕ ಅಂದ್ರೆ ಎರಡು ದಿನ ಬಿಟ್ಟು ಮಾಡಿಯೇ ಬಿಡ್ತಾಳೆ. ಹೇಳುವವರ ಮೇಲೆ ಉಂಟು. ಯಾಕೆ, ಮುಖ ಎಂತ ಹಾಗಾಯ್ತು ನಿಮ್ದು?"

"ಏನಿಲ್ಲ ಆಂಟಿ, ಬಿಸಿಲು."

ಹೊರಗೆ ಮೋಡ ಮುಚ್ಚಿತ್ತು.

ಮನೆಗೆ ನಡೆದು ಬರುವಾಗ ಮಗು ಏನೇನೋ ಹೇಳುತ್ತಿತ್ತು. ಕೃಪಾಳಿಗೆ ಕೇಳುತ್ತಿದ್ದದ್ದು ಬೇರೆ ಧ್ವನಿ. ಫೈಲು ಅಳಿಸಿಹೋಗಿದ್ದರೂ ಕಿವಿಯಲ್ಲಿ ಉಳಿದಿತ್ತು. ಪ್ರಶ್ನೆ ಕೇಳುವವರ ಸ್ವರ ಕೊನೆಗೆ ಏರುತ್ತದೆ. ಆ ಮನುಷ್ಯನ 'ತೂಕ' ಇಳಿದಿತ್ತು, ಫೋನಿಡಲು ಅವಸರಪಡುವವರ ಹಾಗೆ. ತುಳು ಬಾರದ್ದು ತಪ್ಪಲ್ಲ. ಯಾರಿಗೂ ಎಲ್ಲವೂ ಬರುವುದಿಲ್ಲ. ಆದರೆ 'ಎಷ್ಟು'? ಆ 'ಎಷ್ಟು' ಅನ್ನುವ ಮಾತು ಮೋಹನದಾಸರ ಬಾಯಲ್ಲೂ ಇರಲಿಲ್ಲ, ಇಂದ್ರೇಶನ ಬಾಯಲ್ಲೂ ಇರಲಿಲ್ಲ. ಅದು ಟಾರ್ನೀಟಿನ ಒಂದು ಮನೆಯಲ್ಲಿ, ಜ್ವರದ ಮಗುವಿನ ಬೆನ್ನು ತಟ್ಟುತ್ತಿದ್ದ ಕೈಯ ಪಕ್ಕದ ಕೈಯಿಂದ ಹುಟ್ಟಿದ್ದು.

ಅವಳು ಕೌಶಿಕನಿಗೆ ಪ್ರಕರಣದ ಹೆಸರು ಹೇಳಲಿಲ್ಲ. ಒಂದು ಹಳೆ ಕೆಲಸದಲ್ಲಿ ದೊಡ್ಡ ತಪ್ಪಾಗಿದೆ, ಒಬ್ಬರ ಮಾನದ ಪ್ರಶ್ನೆ ಎಂದಳು, ಅಷ್ಟೇ. ಅವನು ದಡ್ಡನಲ್ಲ. ಪತ್ರಿಕೆ ಅವನೂ ಓದಿದ್ದ. ತರಕಾರಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ.

"ಅವ್ರಿಗೂ ಲಾಯರ್ ಇರ್ತಾರಲ್ವಾ? ಮುಂದಿನ ತಿಂಗಳು ಆಡಿಯೋ ಹಾಕ್ತಾರೆ, ಅವರೇ ಕೇಳಿ ಹೇಳ್ತಾರೆ ಬಿಡು. ತಾನಾಗೇ ಸರಿಹೋಗತ್ತೆ."

"ಅಲ್ಲಿವರೆಗೂ?"

"ಅಲ್ಲಿವರೆಗೂ ಏನು?"

"ಅವರು ಬದನೆಕಾಯಿ ಎಲ್ಲಿ ತರ್ಬೇಕು?"

ಕೌಶಿಕನಿಗೆ ಇದು ಅರ್ಥವಾಗಲಿಲ್ಲ. ಆದರೆ ಹೆಂಡತಿಯ ದನಿ ಅರ್ಥವಾಯಿತು.

"ನೋಡು ಕೃಪಾ, ನೀನೇ ಹೋಗಿ ಒಪ್ಕೊಂಡ್ರೆ ದುಭಾಷಿಗಳ ಲಿಸ್ಟಿಂದ ಹೆಸರು ತೆಗೆದ್ರೂ ತೆಗೀಬಹುದು. ಆಸ್ಪತ್ರೆ ಕೆಲಸಾನೂ ಹೋಗತ್ತೆ. ಅಷ್ಟು ಕಷ್ಟಪಟ್ಟು ಮಾಡ್ಕೊಂಡಿದ್ದು ನೀನು. ಮತ್ತೆ ಪಾಸ್‌ವರ್ಡ್ ರೀಸೆಟ್ ಮಾಡೋಕ್ ಹೋಗ್ತೀಯಾ?"

ಅವಳು ಹೆದರಿದ್ದೂ ಅದಕ್ಕೇ. ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದು, ಕಣ್ಣಲ್ಲಿ ಭಯ ತುಂಬಿಕೊಂಡು ಕುಳಿತ ಯಾರೋ ಒಬ್ಬರು, "ಕನ್ನಡದವಳೇನಮ್ಮ ನೀನು?" ಎಂದು ಉಸಿರು ಬಿಡುತ್ತಾರಲ್ಲ, ಆ ಉಸಿರಿಗಾಗಿ ಅವಳು ಗಾಳಿ ಚಳಿ ಎನ್ನದೆ ಎರಡು ಟ್ರೈನು ಬದಲಿಸಿ ಹೋಗುತ್ತಿದ್ದಳು. ಅದು ಹೋದರೆ ಬದಲಿಗೆ ಬೇರೇನೂ ಇರಲಿಲ್ಲ. ಆದರೆ ಆ ಜನ ಅವಳನ್ನು ನಂಬುವುದು ಯಾತರಿಂದ? ಇವಳು ನಮ್ಮ ಮಾತಿಗೆ ತನ್ನದನ್ನು ಸೇರಿಸುವುದಿಲ್ಲ ಎಂಬುದರಿಂದ. ಸೇರಿಸಿದ್ದು ಗೊತ್ತಿದ್ದೂ ಸುಮ್ಮನಿದ್ದರೆ, ಮುಂದಿನ ಚೀಟಿಯ ಮುಂದೆ ಕೂರುವುದು ಹೇಗೆ?

ಮಗಳಿಗೆ ಊಟ ಮಾಡಿಸಿ, ಅನ್ನ ಮೆತ್ತಿದ ಅವಳ ಕೈ ಒರೆಸಿ, ಊಟದ ಮೇಜಿನಲ್ಲೇ ಲ್ಯಾಪ್‌ಟಾಪ್ ತೆರೆದು ಆಯೋಗಕ್ಕೆ ಪತ್ರ ಬರೆದಳು. ಒಂದೇ ಪುಟ. 'ತೂಕ' ಎಂಬುದು ತುಳುವಿನ ಪದವಾಗಿರಬಹುದು. ಆ ಭಾಷೆಯಲ್ಲಿ ಅದಕ್ಕೆ 'ನೋಡೋಣ' ಎಂಬ ಅರ್ಥವಿದೆಯೆಂದು ಕೇಳಿದ್ದೇನೆ. ತುಳು ನನಗೆ ಬಾರದು. 'ಎಷ್ಟು' ಮತ್ತು 'ಹೇಳಿ' ಎಂಬ ಮಾತುಗಳು ಧ್ವನಿಯಲ್ಲಿಲ್ಲ, ಅವನ್ನು ಸೇರಿಸಿದ್ದು ನಾನು. ಕೌಶಿಕ್ ಹಿಂದೆ ನಿಂತು ಓದಿದ. "ಕೊನೇ ಲೈನ್ ಬೇಕಾ? ತುಳು ಅಂತ ಹೇಳಿದ್ರೆ ಸಾಲದಾ?" ಎಂದ. "ಆ ಲೈನ್ ಹೇಳೋಕೇ ಬರೀತಿರೋದು" ಎಂದಳು.

ಮೂರನೆಯ ವಾರಕ್ಕೆ ಸಿಡ್ನಿಗೆ ಬರಲು ಸಮನ್ಸ್ ಬಂತು. ವಿಚಾರಣೆಯ ದಿನ ಬೆಳಿಗ್ಗೆ ಕೃಪಾ ಒಂದು ಡಬ್ಬಿಗೆ ಮೊಸರನ್ನ, ಒಂದಕ್ಕೆ ಹೆಚ್ಚಿದ ಸೇಬು ತುಂಬಿಸಿ, ಇದು ಹನ್ನೆರಡಕ್ಕೆ, ಇದು ಮೂರಕ್ಕೆ ಎಂದು ಚೀಟಿ ಅಂಟಿಸಿ, ರಜಾ ಹಾಕಿದ್ದ ಗಂಡನ ಕೈಗೆ ಮಗಳನ್ನು ಒಪ್ಪಿಸಿ ವಿಮಾನ ಹತ್ತಿದಳು.

ಆಯೋಗದ ಕೊಠಡಿ ಸಿಡ್ನಿ ಪೇಟೆಯ ನಡುವೆ ಹನ್ನೊಂದನೆಯ ಮಹಡಿಯಲ್ಲಿತ್ತು. ನೆಲಕ್ಕೆ ಬೂದು ಬಣ್ಣದ ಜಮಖಾನೆ, ಹೆಜ್ಜೆಯ ಸದ್ದೇ ಇಲ್ಲ. ಎರಡನೆಯ ಸಾಲಿನ ತುದಿಯಲ್ಲಿ ನರೆತ ಮೀಸೆಯ, ಅಗಲ ಭುಜದ ಒಬ್ಬರು ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತ ಕೂತಿದ್ದರು. ಫೋಟೋದಲ್ಲಿ ನೋಡಿದ್ದರಿಂದ ಅವರೇ ಮೋಹನದಾಸ ಎಂದು ತಿಳಿಯಿತು. ಫೋಟೋಕ್ಕಿಂತ ಸೊರಗಿದ್ದರು.

ಧ್ವನಿ ಹಾಕಿದರು. ಹಾಂ, ತೂಕ. ದೊಡ್ಡ ಸ್ಪೀಕರಿನಲ್ಲಿ ಅದು ಇನ್ನೂ ಇಳಿದ ಸ್ವರವಾಗಿ ಕೇಳಿತು. ಆಯೋಗದ ವಕೀಲೆ ಎದ್ದು ನಿಂತರು. ಕನ್ನಡಕವನ್ನು ತಲೆಗೇರಿಸಿಕೊಂಡ, ಗಟ್ಟಿ ಮಾತಿನ ಹೆಂಗಸು.

"ಈ ಧ್ವನಿಯಲ್ಲಿ 'ಎಷ್ಟು' ಎಂಬ ಅರ್ಥದ ಪದ ಎಲ್ಲಾದರೂ ಇದೆಯೇ?"

"ಇಲ್ಲ."

"ನಿಮ್ಮ ಅನುವಾದದಲ್ಲಿದೆ."

"ಇದೆ."

"ಎಲ್ಲಿಂದ ಬಂತು?"

"ನನ್ನಿಂದ. ವಾಕ್ಯ ಅರ್ಧವಾಗಿದೆ ಅನ್ನಿಸಿತು. ಪೂರ್ತಿ ಮಾಡಿದೆ."

"ಅನುಮಾನ ಬಂದಾಗ 'ಅಸ್ಪಷ್ಟ' ಎಂದು ಬರೆಯುವುದು ನಿಯಮವಲ್ಲವೇ?"

"ಹೌದು. ಬರೆದಿದ್ದೆ. ಆಮೇಲೆ ಅಳಿಸಿದೆ."

"ಯಾಕೆ?"

ಕೃಪಾ ನೀರಿನ ಲೋಟ ಮುಟ್ಟಿದಳು, ಕುಡಿಯಲಿಲ್ಲ. "ಅಸ್ಪಷ್ಟ ಅಂತ ತುಂಬ ಸಲ ಬರೆದರೆ ನನಗೆ ಕನ್ನಡವೇ ಬರೋದಿಲ್ಲ ಅಂದುಕೊಳ್ಳುತ್ತಾರೆ ಅಂತ."

ಪತ್ರಿಕೆಯವರ ಸಾಲಿನಲ್ಲಿ ಯಾರೋ ಬೇಗಬೇಗ ಬರೆದುಕೊಂಡರು. ಅವಳ ಕಿವಿ ಬಿಸಿಯಾಯಿತು. ಅತ್ತೆ ಮನೆಯವರು, ಕನ್ನಡ ಸಂಘದವರು, ಕ್ಲಿನಿಕ್ಕುಗಳ ನರ್ಸುಗಳು, ಎಲ್ಲರೂ ನಾಳೆ ಇದನ್ನು ಓದುತ್ತಾರೆ. ಓದಲಿ ಎಂದುಕೊಂಡಳು, ಆದರೆ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ.

ಆಮೇಲೆ ಮೋಹನದಾಸರ ಪರ ವಕೀಲರು ಎದ್ದರು. ಅವರದು ಬೆಣ್ಣೆಯಂಥ ದನಿ. ಮೊದಲು ಅವಳಾಗಿಯೇ ಬಂದು ಹೇಳಿದ್ದಕ್ಕೆ ಮೆಚ್ಚುಗೆ ಸೂಚಿಸಿದರು. ನಂತರ ಕೇಳಿದರು:

"ನಿಮ್ಮ ಕಡೆಯ ಜನ ಮುಖಕ್ಕೆ ಹೊಡೆದಂತೆ 'ಇಲ್ಲ' ಎನ್ನುವುದಿಲ್ಲ, 'ನೋಡೋಣ' ಎಂದು ಜಾರಿಕೊಳ್ಳುತ್ತಾರೆ. ಅಂದರೆ ನನ್ನ ಕಕ್ಷಿದಾರರು ಅವತ್ತು ಹೇಳಿದ್ದು ಸಭ್ಯವಾದ 'ಇಲ್ಲ'. ಸರಿಯಲ್ಲವೇ?"

ಮೋಹನದಾಸ ಗುಂಡಿಯನ್ನು ಬಿಟ್ಟು ತಲೆಯೆತ್ತಿ ಅವಳನ್ನೇ ನೋಡಿದರು. ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೌದು ಎಂದರೆ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿದ ಹಾಗೆ. ಈ ಮನುಷ್ಯ ನೆಮ್ಮದಿಯಾಗಿ ಮನೆಗೆ ಹೋದಾರು, ತಾನೂ ಹೋಗಬಹುದು. ರಾಜೀವಿಯವರ ಗಂಡನ 'ತೂಕ' ಆಗದ ಹೋಗದ ಕೆಲಸ. ರಾಜೀವಿಯವರ ಅಕ್ಕನದು ಎರಡು ದಿನಕ್ಕೆ ಆಗುವ ಕೆಲಸ. ಇವರು ಯಾರ ಹಾಗೆ? ಅವಳಿಗೆ ಗೊತ್ತಿರಲಿಲ್ಲ. ಹೌದು ಎಂದರೆ ಅದು ಇನ್ನೊಂದು 'ಎಷ್ಟು' ಆಗುತ್ತಿತ್ತು, ಈ ಸಲ ಕರುಣೆಯಿಂದ ಸೇರಿಸಿದ್ದು.

"ನನಗೆ ಗೊತ್ತಿಲ್ಲ" ಎಂದಳು. "ಅದು ನನ್ನ ಭಾಷೆಯಲ್ಲ. ಪದದ ಅರ್ಥವನ್ನು ತುಳು ಬಲ್ಲ ದುಭಾಷಿ ಹೇಳಬೇಕು. ಅವರ ಮನಸ್ಸಿನಲ್ಲಿ ಏನಿತ್ತೆಂದು ಅವರೇ ಹೇಳಬೇಕು."

ವಕೀಲರ ದನಿಯ ಬೆಣ್ಣೆ ಮಾಯವಾಯಿತು. ಇನ್ನೇನೂ ಕೇಳಲಿಲ್ಲ. ಮೋಹನದಾಸ ಮತ್ತೆ ಗುಂಡಿಯ ಕಡೆ ತಲೆ ಬಗ್ಗಿಸಿದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ತಿದ್ದಿದ ಪ್ರತಿಗೆ ಸಹಿ ಹಾಕಿಯೇ ಹೋಗಬೇಕೆಂದು ಕಾಯಿಸಿದ್ದರು. ಎದುರಿಗೆ ಯಾರೋ ಬಂದು ನಿಂತ ಹಾಗಾಯಿತು.

"ನೀವಾ ಆ ತೂಕ ಕೇಳಿಸಿದವರು?"

ಕೃಪಾ ಎದ್ದು ನಿಂತಳು. "ಹೌದು ಅಂಕಲ್. ತುಂಬಾ ಸಾರಿ."

"ಕೂತ್ಕೊಳ್ಳಿ, ಕೂತ್ಕೊಳ್ಳಿ." ಮೋಹನದಾಸ ತಾವೂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. "ಈಗ ಸಾಮಾನು ತರ್ಲಿಕ್ಕೆ ನಾನು ಪೆನ್ರಿತ್ ತನಕ ಡ್ರೈವ್ ಮಾಡುದು. ಅಲ್ಲಿ ನನ್ನ ಗುರ್ತದವರು ಯಾರೂ ಇಲ್ಲ. ಟೂಂಗಾಬಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದವ ನಾನು."

ಅವರು ಅವಳ ಕಡೆ ತಿರುಗಿ ಕೂತರು.

"ಒಂದು ಕೇಳ್ತೇನೆ. ಅಷ್ಟು ಮಾಡಿದವರು, ಇಲ್ಲ ಅಂತಲೇ ಅರ್ಥ ಅಂತ ಒಂದು ಮಾತು ಹೇಳ್ಬಹುದಿತ್ತು ಅಲ್ವಾ? ನಿಮ್ಮ ಗಂಟೆಂತ ಹೋಗ್ತಿತ್ತು?"

"ನೀವು ಹಾಗೆ ಹೇಳ್ಲಿಲ್ವಲ್ಲ ಅಂಕಲ್. ನೀವು ಹೇಳದೇ ಇದ್ದಿದ್ದನ್ನ ಒಂದ್ಸಲ ಬರೆದೇ ಇಷ್ಟೆಲ್ಲಾ ಆಗಿದ್ದು."

ಲಿಫ್ಟ್ ಒಮ್ಮೆ ಬಂದು, ಬಾಗಿಲು ತೆರೆದು, ಯಾರೂ ಹತ್ತದೆ ಮುಚ್ಚಿಕೊಂಡು ಹೋಯಿತು.

"ಅದು ಹೌದು," ಎಂದರು ಮೋಹನದಾಸ ಕೊನೆಗೆ. "ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು ನಾನು. ಆ ಹುಡುಗ ಅಣ್ಣ ಅಣ್ಣ ಅಂತ ಬೆನ್ನು ಬಿದ್ದಿದ್ದ. ಮುಖ ಮುರಿದ ಹಾಗೆ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇಂಜಿನ್ ಕಳಿಸ್ಲಿಲ್ಲ, ಸತ್ಯ. ಆದ್ರೆ ಲೈಸೆನ್ಸ್ ಅಂತ ಕೇಳಿದಾಗ ಮನಸ್ಸು ಒಂದು ಗಳಿಗೆ ಆಚೆ ಈಚೆ ಆಗ್ಲಿಲ್ಲ ಅಂತ ಹೇಳ್ಲಿಕ್ಕಾಗುದಿಲ್ಲ. ಒಂದು ಗಳಿಗೆ ಅಷ್ಟೇ." ಅವರು ಎದ್ದರು. "ಇದನ್ನು ನಾನೇ ಒಳಗೆ ಹೇಳ್ತೇನೆ. ನೀವು ಟ್ರಾನ್ಸ್‌ಲೇಟ್ ಮಾಡುದು ಬೇಡ."

ಕೊನೆಯ ಮಾತಿನಲ್ಲಿ ಕೊಂಕಿತ್ತೋ, ನಗುವಿತ್ತೋ, ಅವಳಿಗೆ ತಿಳಿಯಲಿಲ್ಲ. ಅವರು ಕ್ಷಮಿಸಿದೆ ಎನ್ನಲಿಲ್ಲ. ಅವಳೂ ಅದನ್ನು ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಗುಮಾಸ್ತೆಯೊಬ್ಬಳು ತಿದ್ದಿದ ಪುಟಗಳನ್ನು ತಂದಳು. ಕೃಪಾಳಷ್ಟೇ ವಯಸ್ಸು, ಕುತ್ತಿಗೆಯ ಪಟ್ಟಿಗೆ ಯಾವುದೋ ಮಗುವಿನ ಸ್ಟಿಕ್ಕರ್ ಅಂಟಿತ್ತು. ನಿಮ್ಮ ಹೆಸರನ್ನು ಪರಿಶೀಲನೆಗೆ ಕಳಿಸುತ್ತಾರೆ, ಅದು ಮುಗಿಯುವ ತನಕ ಕೋರ್ಟು ಕಚೇರಿಯ ಕೆಲಸ ಸಿಗಲಾರದು. ಆಸ್ಪತ್ರೆಯದು ಏನಾಗುತ್ತದೋ ನನಗೆ ಗೊತ್ತಿಲ್ಲ ಎಂದು ಮೆತ್ತಗೆ ಹೇಳಿದಳು. ಕೃಪಾ ತಲೆಯಾಡಿಸಿದಳು.

ಮೊದಲ ಪುಟದಲ್ಲಿ 'ತೂಕ ಎಷ್ಟು?' ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ 'ನೋಡೋಣ' ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಅಚ್ಚು ಮಾಡಿದ್ದರು.

"ಇದು ಬೇಡ" ಎಂದಳು ಕೃಪಾ.

"ನಿಮ್ಮ ಪತ್ರದಲ್ಲಿ ಹೀಗೇ ಇತ್ತಲ್ಲ?"

"ಕೇಳಿದ್ದೇನೆ ಅಂತ ಬರೆದಿದ್ದೆ. ಇಲ್ಲಿ ನನ್ನ ಸಹಿಯ ಮೇಲೆ ಇದ್ದರೆ, ನನಗೆ ಗೊತ್ತು ಅಂತಾಗುತ್ತದೆ."

"ಹಾಗಾದರೆ ಏನು ಹಾಕಲಿ?"

"ಅವರು ಆಡಿದ ಪದವನ್ನೇ ಹಾಕಿ. ತೂಕ. ಪಕ್ಕದಲ್ಲಿ, ಈ ಪದ ಅನುವಾದಕಿಗೆ ತಿಳಿಯದು ಎಂದು ಬರೆಯಿರಿ."

ಗುಮಾಸ್ತೆ ಒಳಗೆ ಹೋಗಿ, ಯಾರನ್ನೋ ಕೇಳಿ, ಹೊಸ ಪುಟ ತೆಗೆಸಿಕೊಂಡು ಬಂದಳು. ಆ ಪದ ಮೂರು ಸಲ ಬಂದಿತ್ತು. ಮೂರರ ಪಕ್ಕದಲ್ಲೂ 'ತಿಳಿಯದು' ಎಂದಿತ್ತು. ಕೃಪಾ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಮೂರು ಕಡೆಯೂ ಅಂಚಿನಲ್ಲಿ ತನ್ನ ಸಹಿ ಹಾಕಿದಳು.